ಗೇಟಿನ ಮೇಲಿನ ಅಕ್ಕಮ್ಮ

ರನ್ನ ಬೆಳಗಲಿಯ ಅಕ್ಕಮ್ಮನ ಫೋಟೋ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ನಿಂತ ದಿನ ಊರಿಗೆ ಊರೇ ಹೋಗಿ ನೋಡಿಕೊಂಡು ಬಂತು. ಆಳೆತ್ತರದ ಬೋರ್ಡು. ತಲೆ ಮೇಲೆ ಸೆರಗು ಹೊದ್ದು, ಎರಡೂ ಕೈಯಲ್ಲಿ ಕಬ್ಬಿನ ಒಣಗರಿ ಹಿಡಿದ ಅಕ್ಕಮ್ಮ. ಪಕ್ಕದಲ್ಲಿ ‘ರವದಿ ಸುಡಬೇಡಿ, ಗ್ಯಾಸ್ ಮಾಡಿ’ ಎಂಬ ದಪ್ಪಕ್ಷರ. ರವದಿ ಎಂದರೆ ಕಬ್ಬು ಕಡಿದ ಮೇಲೆ ಹೊಲದ ತುಂಬ ಉಳಿಯುವ ಆ ಒಣಗರಿಯೇ. ಅದನ್ನು ಕೊಳೆಸಿ ಗಾಡಿ ಓಡಿಸುವ ಗ್ಯಾಸ್ ತೆಗೆಯಲು ಕಾರ್ಖಾನೆಯವರು ಹೊಸ ಘಟಕ ಕಟ್ಟಿದ್ದರು. ಉದ್ಘಾಟನೆಗೆ ಒಂದು ಮುಖ ಬೇಕಿತ್ತು, ಅಕ್ಕಮ್ಮನದು ಸಿಕ್ಕಿತು. ಆ ಮುಖದ ಹಿಂದೆ ಒಂದು ಜೀವವೂ ಇದೆ ಎಂಬುದು ಮಾತ್ರ ಆ ಮಹಾಶಯರ ತಲೆಗೆ ಹೊಳೆದಿರಲಿಲ್ಲ.

ಅಕ್ಕಮ್ಮ ತೇರದಾಳದ ಜೈನರ ಮನೆಯ ಮಗಳು. ಹತ್ತು ವರ್ಷದವಳಿದ್ದಾಗ ಅಪ್ಪ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟು, ಹೊಲದ ರವದಿಗೆ ಬೆಂಕಿ ಹಚ್ಚಿ ಬಾ ಎಂದು ಕಳಿಸಿದ್ದ. ಎಲ್ಲರೂ ಮಾಡುವ ಕೆಲಸ. ಬೆಂಕಿ ಆರಿದ ಮೇಲೆ ಬದುವಿನ ಪಕ್ಕ ಒಂದು ಗೌಜಲಕ್ಕಿ ಕೂತದ್ದು ಕಂಡಿತು. ಮುಟ್ಟಿದರೆ ಬೂದಿಯಾಗಿ ಉದುರಿತು, ಅಡಿಯಲ್ಲಿ ಮೊಟ್ಟೆಗಳಿದ್ದವು. ರೆಕ್ಕೆ ಇದ್ದೂ ಹಾರದೆ ಕೂತಿತ್ತಲ್ಲ ಎಂದು ಹುಡುಗಿ ಎರಡು ದಿನ ಅನ್ನ ಮುಟ್ಟಲಿಲ್ಲ. ಆ ವರ್ಷ ಚಾತುರ್ಮಾಸಕ್ಕೆ ಬಂದ ಮುನಿಗಳ ಮುಂದೆ ಕೈಮುಗಿದು, ಬದುಕಿರುವ ತನಕ ಹೊಲಕ್ಕೆ ಬೆಂಕಿ ಇಡುವುದಿಲ್ಲ, ಇಡಗೊಡುವುದೂ ಇಲ್ಲ ಎಂದು ನಿಯಮ ತೆಗೆದುಕೊಂಡಳು.

ಮದುವೆಯಾಗಿ ಬೆಳಗಲಿಗೆ ಬಂದಾಗ ಗಂಡ ಶಾಂತಿನಾಥನಿಗೆ ಎರಡೆಕರೆ ಕಬ್ಬು, ನಾಲ್ಕು ಎಮ್ಮೆ. ಅಕ್ಕಪಕ್ಕದವರು ಒಂದು ಕಡ್ಡಿಯಲ್ಲಿ ಹೊಲ ಚೊಕ್ಕ ಮಾಡಿಕೊಂಡರೆ ಇವಳು ವಾರಗಟ್ಟಲೆ ರವದಿ ಬಾಚಿ ಒಟ್ಟುವಳು. ಊರು ನಕ್ಕಿತು. ಒಂದು ಮಳೆಗಾಲ ಆ ಬಣವಿಯ ಅರ್ಧ ಕುಸಿದು ಎಮ್ಮೆಯ ಗಂಜಲ ಹರಿಯುವ ತಗ್ಗಿಗೆ ಬಿತ್ತು. ಮೂರು ವಾರ ನೆನೆದು ಕಪ್ಪಾಗಿ ಮೆತ್ತಗಾದ ಅದನ್ನು ಚೆಲ್ಲಲು ಮನಸ್ಸಾಗದೆ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಗೆ ಹಾಕಿದಳು. ವಾರ ಕಳೆಯುವಷ್ಟರಲ್ಲಿ ಒಲೆಯ ಉರಿ ದುಪ್ಪಟ್ಟಾಯಿತು. ಮುಂದೆ ಮೇವಿನ ಮಷೀನಿನಲ್ಲಿ ರವದಿ ಕತ್ತರಿಸಿ, ಗಂಜಲದಲ್ಲಿ ನೆನೆಸಿ ಹಾಕುವುದನ್ನು ರೂಢಿ ಮಾಡಿಕೊಂಡಳು. ಉಳಿದ ಗ್ಯಾಸು ಪೈಪಿನಲ್ಲಿ ಪಕ್ಕದ ಅಂಗನವಾಡಿಗೆ ಹೋಗುತ್ತಿತ್ತು. ಅಲ್ಲಿ ಅಡುಗೆ ಮಾಡುವ ಭಾಗವ್ವ ಹೊಗೆಯಿಲ್ಲದೆ ಮೂವತ್ತು ಮಕ್ಕಳ ಅನ್ನ ಬೇಯಿಸುತ್ತಿದ್ದಳು. ಎಮ್ಮೆಗಳು ಈಗ ಎರಡೇ ಉಳಿದಿವೆ. ರವದಿ ಇಲ್ಲದಿದ್ದರೆ ಆ ಒಲೆ ಉರಿಯುವುದಿಲ್ಲ.

ಯಾರ ಕಬ್ಬು ಯಾವಾಗ ಕಡಿಯಬೇಕೆಂದು ಪಾಳಿ ಹಚ್ಚುವ ಕಾರ್ಖಾನೆಯ ಫೀಲ್ಡ್‌ಮನ್ ದುಂಡೇಶ ಆಗಾಗ ಕೆಣಕುತ್ತಿದ್ದ. “ಅಕ್ಕಾರ, ಆ ಗುಂಡ್ಯಾಗ ಕೋಟಿ ಹುಳ ಅದಾವಂತ. ಅದು ಹಿಂಸಾ ಅಲ್ಲೇನ್ರಿ?”

“ಅವು ಉಣ್ಣಾಕತ್ತಾವೋ, ಸುಡಾಕತ್ತಿಲ್ಲ” ಎನ್ನುತ್ತಿದ್ದಳು ಅಕ್ಕಮ್ಮ.

ಅವನೇ ಎಂಜಿನಿಯರುಗಳನ್ನು ಕರೆತಂದ. ಅವರು ಗುಂಡಿ ಅಳೆದರು, ತಗ್ಗಿನ ನೀರನ್ನು ಬಾಟಲಿಗೆ ತುಂಬಿಕೊಂಡರು, ಫೋಟೋ ಹೊಡೆದುಕೊಂಡು ಹೋದರು. ಅದೇ ಬೋರ್ಡಿಗೇರಿದ್ದು.

ಈ ಸಲದ ಹಂಗಾಮಿನಲ್ಲಿ ಅಕ್ಕಮ್ಮನ ಕಬ್ಬಿಗೆ ಹದಿನಾಲ್ಕು ತಿಂಗಳು ತುಂಬಿದರೂ ಕಾರ್ಖಾನೆಯಿಂದ ಕಡಿಯುವ ಗ್ಯಾಂಗು ಬರಲಿಲ್ಲ. ಸೂಲಂಗಿ ಹೂ ಒಡೆದು, ರಸ ಇಂಗಿ ಕೋಲು ಹಗುರಾಗತೊಡಗಿತು. ತನ್ನ ನಂತರ ನಾಟಿ ಮಾಡಿದವರ ಹೊಲಗಳು ಖಾಲಿಯಾದದ್ದನ್ನು ನೋಡಿ ಅವಳು ದುಂಡೇಶನನ್ನು ಹೊಲದಲ್ಲೇ ನಿಲ್ಲಿಸಿ ಕೇಳಿದಳು.

“ನಂಬರ್ ಬಂದೈತ್ರಿ ಅಕ್ಕಾರ. ನಿಂತ ಕಬ್ಬಿಗೆ ಒಂದ್ ಕಡ್ಡಿ ಗೀರ್ರಿ, ನಾಳೆ ಮುಂಜಾನೆ ಗ್ಯಾಂಗ್ ನಿಮ್ಮ ಹೊಲ್ದಾಗ ಇರ್ತೈತಿ.”

“ಯಾಕ ಗೀರಬೇಕೋ?”

“ಸುಟ್ಟ ಕಬ್ಬು ತಡಿಯೂದಿಲ್ರಿ, ರಸ ಕೆಡತೈತಿ. ಅದಕ್ಕ ಅದು ಮೊದಲ. ಗ್ಯಾಂಗಿನವ್ರೂ ಸುಟ್ಟದ್ದ ಕೇಳ್ತಾರ. ಗರಿ ಕೈ ಕೊಯ್ಯೂದಿಲ್ಲ, ಹಾವಿನ ಅಂಜಿಕಿ ಇಲ್ಲ.”

“ಅಂದ್ರ ಸುಟ್ಟಾವ ಮುಂದ, ಸುಡದಾಕಿ ಹಿಂದ! ಛಲೋ ಐತಲ್ಲೋ ನಿಮ್ಮ ನ್ಯಾಯ!”

ಕಡಿಯುವವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವರ ಮುಂಗೈ ಮೇಲಿನ ಗಾಯ ಅವಳು ಕಾಣದ್ದಲ್ಲ. ಕುರ್ಚಿಯಲ್ಲಿ ಕೂತು ಬೆಂಕಿಗೆ ಮೊದಲ ಪಾಳಿ ಬರೆದುಕೊಟ್ಟವರನ್ನು ನೆನೆದರೆ ಮೈ ಉರಿಯುತ್ತಿತ್ತು.

ಮನೆಯಲ್ಲಿ ಶಾಂತಿನಾಥ ಊಟದ ತಟ್ಟೆ ನೋಡುತ್ತ ಮೆಲ್ಲಗೆ ಹೇಳಿದ: “ನಿಯಮ ನಿಂದು. ಕಡ್ಡಿ ನಾ ಗೀರತೀನಿ. ನಿನಗೇನ್ ದೋಷ ಬರತೈತಿ?”

“ಇಡಗೊಡೂದಿಲ್ಲ ಅಂತನೂ ಹೇಳೀನ್ರಿ ನಾ” ಎಂದಳು ಅಕ್ಕಮ್ಮ. “ನಿಯಮದಾಗ ಸಂದಿ ಹುಡಕಾಕ ನೀವೇನ್ ಕಾರ್ಖಾನಿ ಮಂದೇನ್ರಿ?”

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಕಾರ್ಖಾನೆಗೆ ಹೋದಳು. ಮ್ಯಾನೇಜರ್ ಎದ್ದು ನಿಂತು ಕೈಮುಗಿದ. “ಬನ್ನಿ ಅಮ್ಮ, ನೀವು ನಮ್ಮ ಸಂಸ್ಥೆಯ ಹೆಮ್ಮೆ” ಎಂದು ಚಹಾ ತರಿಸಿದ.

“ಚಾ ಬ್ಯಾಡ್ರಿ ಸಾಹೇಬರ. ನನ್ನ ಕಬ್ಬು ಹಸೀದ ಕಡಸ್ರಿ. ಸುಡಬ್ಯಾಡ್ರಿ ಅಂತ ನನ್ನ ಕೈಲೆ ನೀವ ಹೇಳಸೀರಿ.”

“ಅಮ್ಮ, ಬೋರ್ಡು ಗ್ಯಾಸ್ ವಿಭಾಗದವರದು. ಕಟಾವು ಬೇರೆ ವಿಭಾಗ. ಅವರ ನಿಯಮದಲ್ಲಿ ನಾವು ಕೈ ಹಾಕುವಂತಿಲ್ಲ.”

“ಎರಡಕ್ಕೂ ಗೇಟು ಒಂದ ಐತಲ್ರಿ?”

ಅವನು ನಕ್ಕ. ತಪ್ಪು ಮಾಡಿದವನು ನಾಚಿಕೊಂಡರೆ ಸಹಿಸಬಹುದು, ಮುದ್ದು ಮಗುವಿನ ಮಾತು ಕೇಳಿದವನಂತೆ ನಕ್ಕರೆ ಯಾರು ತಾನೇ ಸಹಿಸಿಯಾರು? ಅಕ್ಕಮ್ಮ ಚಹಾ ಮುಟ್ಟದೆ ಎದ್ದು ಬಂದಳು.

ಗೇಟಿನ ಬಳಿ ಟ್ರ್ಯಾಕ್ಟರುಗಳ ಸಾಲು. ಟ್ರೇಲರುಗಳ ತುಂಬ ಸುಟ್ಟು ಕರ್ರಗಾದ ಕಬ್ಬು, ಮೈಮೇಲೆ ಅಂಟುಅಂಟು ರಸ. ಆ ಸಾಲಿನ ಎದುರಿಗೇ ಅವಳ ಫೋಟೋ, ‘ರವದಿ ಸುಡಬೇಡಿ’ ಎನ್ನುತ್ತ ನಗುತ್ತಿತ್ತು. ಅಕ್ಕಮ್ಮ ನಿಂತು ಎರಡನ್ನೂ ನೋಡಿದಳು. ಆಮೇಲೆ ಕರಿ ಕಬ್ಬಿನ ಮೇಲೆ ಎರಡೂ ಅಂಗೈ ಗಟ್ಟಿಯಾಗಿ ಎಳೆದು, ನೆಟ್ಟಗೆ ಬೋರ್ಡಿಗೆ ಹೋಗಿ ತನ್ನ ಮುಖಕ್ಕೆ ತಾನೇ ಮಸಿ ಬಳಿದಳು. ಹಣೆ, ಕಣ್ಣು, ಬಾಯಿ ಒಂದೂ ಬಿಡಲಿಲ್ಲ.

ವಾಚ್‌ಮನ್ ಓಡಿ ಬಂದ. “ಏ ಬಾಯಾರ, ಕಾರ್ಖಾನಿ ಆಸ್ತಿ ಅದು!”

“ಮುಖ ನಂದೈತಿ” ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡು ಬಸ್ ಸ್ಟಾಪಿಗೆ ನಡೆದಳು.

ಬೆಲ್ಲ ಮಾಡುವ ಗಾಣದ ಗಿರಿಮಲ್ಲಪ್ಪ ಸುಟ್ಟ ಕಬ್ಬು ಮುಟ್ಟುವುದಿಲ್ಲ, ಬೆಲ್ಲ ಕಪ್ಪಾಗುತ್ತದೆ. ಅಕ್ಕಮ್ಮ ಹೋಗಿ ಕೇಳಿದಾಗ, ದಿನಕ್ಕೊಂದು ಟ್ರೇಲರ್ ಹಸಿ ಕಬ್ಬು ತಂದರೆ ಅರೆಯುತ್ತೇನೆ ಎಂದ. ಅಕ್ಕಮ್ಮ, ಶಾಂತಿನಾಥ, ಸೊಸೆ ಉಜ್ವಲಾ, ಕೆಲಸ ಮುಗಿಸಿ ಬರುತ್ತಿದ್ದ ಭಾಗವ್ವ ಸೇರಿ ಇಪ್ಪತ್ತೆರಡು ದಿನ ಕಡಿದರು. ಮುಂಗೈ ತುಂಬ ಗರಿಯ ಗೀರು. ಮಧ್ಯ ಹೊಲದಲ್ಲಿ ಒಂದು ಗೌಜಲಕ್ಕಿ ಮರಿಗಳ ಸಮೇತ ಗರಿಯ ಸಂದಿಯಿಂದ ಓಡಿಹೋದಾಗ ಶಾಂತಿನಾಥ ಕುಡಗೋಲು ಕೆಳಗಿಟ್ಟು, ಅವು ಬದು ದಾಟುವ ತನಕ ನಿಂತ. ರವದಿಯೆಲ್ಲ ಬಾಚಿ ತಂದು ತಗ್ಗಿಗೆ ಹಾಕಿದ್ದಾಯಿತು.

ಕಡೆಯ ದಿನ ದುಂಡೇಶ ಬೈಕಿನಲ್ಲಿ ಬಂದ. ಬೋರ್ಡನ್ನು ಸೋಪು ಹಾಕಿ ತಿಕ್ಕಿದರೂ, ಸೀಮೆಎಣ್ಣೆ ಸವರಿದರೂ ಮಸಿ ಇನ್ನಷ್ಟು ಹರಡಿತಂತೆ.

“ಹೊಸಾ ಫೋಟೋ ತಗಸ್ತೀವಿ, ಒಂದೀಟ್ ಬರ್ರಿ ಅಂತ ಸಾಹೇಬರು ಹೇಳ್ಯಾರ್ರಿ ಅಕ್ಕಾರ.”

ಅಕ್ಕಮ್ಮ ರವದಿ ತುಳಿಯುವುದನ್ನು ನಿಲ್ಲಿಸಲಿಲ್ಲ.

“ಅದ ಇರ್ಲಿ ಅಂತ ಹೇಳೋ ತಮ್ಮಾ. ನಿಮ್ಮ ಗೇಟಿಗೆ ಈಗ ಖರೇ ಫೋಟೋ ಆಗೇತಿ.”