ಗಿಲಾವ ಇಲ್ಲದ ಗ್ವಾಡಿ

ನಮ್ಮಪ್ಪ ಗೌಂಡಿ. ಬರೇ ಗೌಂಡಿ ಅಂದ್ರ ಅವಗ ಸಿಟ್ಟು ಬರ್ತಿತ್ತು, ಗಿಲಾವದ ಗೌಂಡಿ ಅನ್ನಬೇಕು. ಇಟ್ಟಂಗಿ ಗ್ವಾಡಿ ಮ್ಯಾಲೆ ಸಿಮೆಂಟ್ ಬಳದು ಒಮ್ಮೆ ಕೈ ಆಡಿಸಿದ ಅಂದ್ರ ಮುಗೀತು, ಇರಿವಿ ಸುದ್ದಾ ಜಾರಿ ಬೀಳಬೇಕು. ಹುಬ್ಬಳ್ಳಿ ಕೇಶ್ವಾಪುರದಾಗ ಅವನ ಜೋಡಿ ಹೊಂಟ್ರ ಹಾದಿ ಸಾಗ್ತಿದ್ದಿಲ್ಲ. "ಅದು ನಂದು, ಇದು ನಂದು, ಆ ಮೂಲಿ ಮನಿನೂ ನಂದ" ಅಂತ ಬಟ್ಟು ಮಾಡಿ ತೋರಸ್ತಿದ್ದ. ಕೇಳಿದವ್ರು ಇಡೀ ಓಣಿಗೆ ಇವನ ಮಾಲಕ ಅನ್ಕೋಬೇಕು, ಹಂಗ!

ನಮ್ಮದು ಮೂಲ ಸುಳ್ಳ ಅನ್ನೂ ಹಳ್ಳಿ. ಅಲ್ಲೆ ಇದ್ದದ್ದು ಮಣ್ಣಿನ ಮನಿ. ಮಳಿಗಾಲ ಮುಗಿಯೂದ ತಡ, ಅವ್ವ ಸೆರಗ ಸಿಗಿಸಿ ಗ್ವಾಡಿ ಮೆತ್ತಾಕ ನಿಲ್ಲಬೇಕಾಗ್ತಿತ್ತು. ಹುಬ್ಬಳ್ಳಿಗೆ ಬಂದ ಮ್ಯಾಲೆ, ಇನ್ನ ಮಣ್ಣಿನ ಮನಿ ಮಾತ ಬ್ಯಾಡ ಅಂತ ಅಪ್ಪ ಹಟಾ ಹಿಡದಿದ್ದ. ಅಂಥವನ ಮಗಳು ನಾನು. ತೊಂಬತ್ತರ ದಶಕದ ಕೊನಿಗೆ ಸಿವಿಲ್ ಡಿಪ್ಲೊಮಾ ಮುಗಿಸಿ, ಎಂಟು ದಿನ ಮಣ್ಣಿನ ಮನಿ ಕಟ್ಟೂ ತರಬೇತಿ ತಗೊಂಡು ಬಂದು, ಊಟಕ್ಕ ಕುಂತಾಗ ಹೇಳಿದೆ: "ಅಪ್ಪಾ, ಮಣ್ಣಿನ ಇಟ್ಟಂಗಿ ಒತ್ತಿ ಮನಿ ಕಟ್ಟೂಣು. ಭಟ್ಟ್ಯಾಗ ಸುಡೂದು ಬ್ಯಾಡ, ಗಿಲಾವನೂ ಬ್ಯಾಡ."

ಅಪ್ಪ ತುತ್ತು ಕೆಳಗಿಟ್ಟ. "ಆ ಮಣ್ಣ ಬಿಟ್ಟು ಬರಾಕ ನನಗ ಅರ್ಧ ಆಯುಷ್ಯ ಹತ್ತೇತಿ. ನಿನಗ ಸಾಲಿ ಕಲಿಸಿದ್ದು ತಿರಗಿ ಅದನ್ನ ಹೊರಾಕೇನು?"

ಇಷ್ಟಕ್ಕ ಮುಗೀತಿತ್ತು. ಆದ್ರ ನನಗ ಹೈಸ್ಕೂಲಿನ್ಯಾಗ ಕಲಿಸಿದ ಅಕ್ಕೋರು ರಿಟೈರ್ ಆಗಿ ಕೇಶ್ವಾಪುರದಾಗ ಜಾಗಾ ತಗೊಂಡಿದ್ರು. ಬ್ಯಾಸಿಗ್ಯಾಗ ತಣ್ಣಗಿರೂ ಅಂಥಾ ಮನಿ ಬೇಕು, ಸಿಮೆಂಟ್ ಕಡಿಮಿ ಇರಬೇಕು ಅನ್ನೂದು ಅವರ ಆಸೆ. ನನ್ನ ಮಾತು ಕೇಳಿ ನೆಟ್ಟಗ ನಮ್ಮ ಮನಿಗೇ ಬಂದ್ರು. "ಮಗಳು ಹೇಳ್ಲಿ, ನೀವು ಕಟ್ರಿ" ಅಂದ್ರು ಅಪ್ಪಗ. ಅಕ್ಕೋರು ಅಂದ್ರ ಅಪ್ಪಗ ದೇವರ ಸಮಾನ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ, ತಲಿ ಕೆರಕೊಂತ "ಆತ್ರಿ" ಅಂದ.

ಪಾಯಾ ತೋಡಿದಾಗ ಬಂದದ್ದು ಕರೇ ಎರಿ ಮಣ್ಣು. ಇದನ್ನ ಒತ್ತಿಬಿಡೂಣು ಅಂದ ಅಪ್ಪ. ನಾ ಸುತಾರಾಂ ಒಪ್ಪಲಿಲ್ಲ. ಎರಿ ನೀರು ಕುಡದು ಉಬ್ಬತೈತಿ, ಒಣಗಿದ್ರ ಬಿರೀತೈತಿ. ಧಾರವಾಡದ ಕಡೆಯಿಂದ ಕೆಂಪು ಮಣ್ಣು ತರಿಸಿ, ಜರಡಿ ಹಿಡದು, ಉಸುಕು ಕೂಡಿಸಿ, ಸ್ವಲ್ಪ ಸಿಮೆಂಟ್ ಹಾಕಿ, ಇಟ್ಟಂಗಿ ಒತ್ತೂ ಯಂತ್ರದಾಗ ತುಂಬಿ ಹಿಡಿಕಿ ಜಗ್ಗಿ ಒತ್ತಿದ್ವಿ. ಮೂರು ವಾರ ಹಸಿ ಗೋಣಿಚೀಲ ಹೊಚ್ಚಿ ನೀರು ಹೊಡದ್ವಿ. ಒಂದು ಕಟಗಿ ಸುಡಲಿಲ್ಲ, ಒಂದು ಎಳಿ ಹೊಗಿ ಏಳಲಿಲ್ಲ. ಆ ಇಟ್ಟಂಗಿ ಸಾಲು ನೋಡಿದಾಗೆಲ್ಲಾ ನನ್ನ ಎದಿ ಉಬ್ಬಿ ಬರ್ತಿತ್ತು.

ಗ್ವಾಡಿ ಕಟ್ಟಾಕ ಸುರು ಮಾಡಿ ಮೂರನೇ ದಿನ. ನಾ ಹೋಗಿ ನೋಡಿದ್ರ ಮುಂದಿನ ಗ್ವಾಡಿ ಟೊಂಕದ ಮಟ ಬಂದಿತ್ತು. ಒಳಂಬಾದ ಗುಂಡಿನ ದಾರ ಇಳಿಬಿಟ್ಟು ನೋಡಿದೆ, ಕೂದಲೆಳಿಯಷ್ಟೂ ವಾಲಿದ್ದಿಲ್ಲ. ಆದ್ರ ಮಾರಿ ನೋಡಬೇಕು ಅದರದು! ಸಂದಿ ಒಂದ ಕಡೆ ಬೆರಳಷ್ಟು, ಇನ್ನೊಂದ ಕಡೆ ಎರಡು ಬೆರಳಷ್ಟು. ಕಲಸಿದ ಮಣ್ಣು ಹೊರಗ ಜೋತು ಬಿದ್ದಿತ್ತು, ಮೂಲ್ಯಾಗ ಇಟ್ಟಂಗಿ ತುಂಡು ತುರುಕಿದ್ದ. ಅಪ್ಪಗ ಕೆಲಸ ಬರೂದಿಲ್ಲ ಅಂತಲ್ಲ. "ಗಿಲಾವದಾಗ ಮುಚ್ಚಿ ಹೋಗ್ತೈತಿ ಬಿಡು" ಅನ್ನೂದು ಹುಬ್ಬಳ್ಳಿ ಗೌಂಡ್ಯಾರ ಬಾಯಾಗ ಉಸರಿನಂಗ ಬರೂ ಮಾತು. ಆ ಮಾತಿನ ಮ್ಯಾಲ ಅವನ ಕೈ ಮೂವತ್ತು ವರ್ಷ ನಡದಿತ್ತು.

"ಅಪ್ಪಾ, ಇಲ್ಲೆ ಗಿಲಾವ ಇಲ್ಲ."

"ಅದಕ್ಕ ಏನ್ ಮಾಡಬೇಕಂತಿ?"

"ಬಿಚ್ಚಬೇಕು."

ನಾಲ್ಕು ಆಳಿನ ಮುಂದ ಅಂದೆ. ನನ್ನ ಸುಡುಗಾಡ ನಾಲಿಗಿ! ಅಪ್ಪ ಕೈಯಾಗಿನ ಕರಣಿ ಒಗದು, ಬೇವಿನ ಗಿಡದ ಕೆಳಗ ಹೋಗಿ ಕುಂತು ಬೀಡಿ ಹಚ್ಚಿದ. ಅವ ಎದ್ದು ಮನಿಗೆ ಹ್ವಾದ ಅಂದ್ರ ಅಕ್ಕೋರ ಮನಿ ಅಲ್ಲಿಗೇ ನಿಲ್ಲತೈತಿ. ಮಗಳ ಕೈಲೆ ಗ್ವಾಡಿ ಬಿಚ್ಚಿಸಿಕೊಂಡ ಗೌಂಡಿ ಅಂತ ಊರ ತುಂಬಾ ಆಗತೈತಿ, ಅವನ ಮೂವತ್ತು ವರ್ಷದ ಹೆಸರು ನನ್ನಿಂದ ಮಣ್ಣಪಾಲು. "ತಪ್ಪಾತಪ್ಪಾ" ಅನ್ನಾಕ ಹೋಗಬೇಕಂದ್ರ, ತಪ್ಪು ನಂದಲ್ಲ! ಹಂಗ ನಿಂತೆ.

ಬೀಡಿ ಮುಗೀತು. ಅಪ್ಪ ಎದ್ದು ಬಂದು ಇಟ್ಟಂಗಿ ಒಂದೊಂದ ಬಿಚ್ಚಿ, ಹತ್ತಿದ್ದ ಮಣ್ಣು ಕೆರದು, ಬಾಜೂಕ ಒಟ್ಟಿದ. ಆಳು ಕೈ ಹಚ್ಚಾಕ ಬಂದ್ರ ಬ್ಯಾಡ ಅಂದ. ಮರುದಿನ ಹೊತ್ತು ಮೂಡೂದ್ರಾಗ ಬಂದು ತಿರಗಿ ಕಟ್ಟಾಕ ನಿಂತ.

ಆಮ್ಯಾಲ ಎರಡು ವಾರ ನನ್ನ ಜೋಡಿ ಮಾತಿಲ್ಲ. ಎದುರಿಗೇ ನಿಂತಿದ್ರೂ ಆಳಿಗೆ ಹೇಳ್ತಿದ್ದ, "ಇಂಜಿನೇರ್ ಬಾಯಾರನ್ನ ಕೇಳ್ರಿ, ಈ ಸಾಲು ಪಾಸೋ ನಪಾಸೋ." ನಾನೂ ಅವನ ಮಗಳ, "ಪಾಸ್ ಅಂತ ಹೇಳ್ರಿ" ಅಂತಿದ್ದೆ. ಉಳದ ಕಬ್ಬಿಣದ ಸಳಿ ಬಗ್ಗಿಸಿ, ಸಂದಿ ತೀಡಾಕ ಅಂತ ತಾನ ಒಂದು ಹತಾರ ಮಾಡ್ಕೊಂಡಿದ್ದ. ಎಲ್ಲಾರೂ ಹ್ವಾದ ಮ್ಯಾಲೆ ಗ್ವಾಡಿ ಮುಂದ ಕುಂತು ಒಂದೊಂದ ಗೆರಿ ತೀಡ್ತಿದ್ದ.

ಮನಿ ಒಕ್ಕಲದ ದಿನ ಮಂದಿ ಕೂಡಿತು. ಹೊರಗ ಬಿಸಲು ಸುಡಾಕತ್ತಿತ್ತು, ಒಳಗ ತಣ್ಣಗ. ಬಂದವ್ರೆಲ್ಲಾ "ಹಾ, ಏನ್ ತಂಪೈತ್ರಿ" ಅನ್ನೂದು, ಹೋಳಿಗಿ ತಿನ್ನೂದು, "ಗಿಲಾವ ಯಾವಾಗ ಮಾಡಸ್ತೀರಿ?" ಅಂತ ಕೇಳೂದು. ಕೇಳಿ ಕೇಳಿ ಅಕ್ಕೋರ ಮಾರಿ ಸಣ್ಣದಾತು. ಅವರ ಅಣ್ಣಾರಂತೂ ಬಿಡಲೇ ಇಲ್ಲ. "ಅರ್ಧಕ್ಕ ನಿಂತ ಮನಿ ಕಂಡಂಗ ಕಾಣತೈತಿ ತಂಗಿ. ನಾಳೆ ನಮ್ಮ ಮಂದಿನ್ನ ಕಳಸ್ತೇನಿ, ಮುಂದಿನ ಗ್ವಾಡಿಗಾದ್ರೂ ಬಳೀಲಿ." ಅಕ್ಕೋರು ನನ್ನ ಕಡೆ ನೋಡಿದ್ರು. ಹೂಂ ಅಂದಬಿಡ್ತಾರ ಅನಿಸಿತು ನನಗ.

"ಯಾವ ಗೌಂಡಿ ಕಟ್ಟ್ಯಾನಿದನ್ನ?" ಅಂದ್ರು ಅಣ್ಣಾರು.

ಪಂಕ್ತ್ಯಾಗ ಕುಂತಿದ್ದ ಅಪ್ಪ ಅರ್ಧ ಊಟಕ್ಕ ಎದ್ದು ಬಂದ, ಕೈ ಇನ್ನೂ ಎಂಜಲ. "ಗೌಂಡಿ ಇಕಿರಿ" ಅಂತ ನನ್ನ ತೋರಿಸಿದ. "ನಾ ಇಕಿ ಆಳು. ಮೊದಲ ಸಲ ಕಟ್ಟಿದ್ದು ನಪಾಸ್ ಮಾಡಿ ನನ್ನ ಕೈಲೇ ಬಿಚ್ಚಿಸ್ಯಾಳ."

ಯಾರೋ ನಕ್ರು. ಅಪ್ಪ ನಗಲಿಲ್ಲ.

"ಈ ಓಣ್ಯಾಗ ನಾ ಗಿಲಾವ ಮಾಡಿದ ಮನಿ ಭಾಳ ಅದಾವ್ರಿ. ಗಿಲಾವದ ಒಳಗ ಹೆಂಗದಾವ ಅನ್ನೂದು ನನಗೊಬ್ಬಂಗ ಗೊತ್ತು. ನಾ ಕಟ್ಟಿದ್ದು ಮಂದಿ ಕಣ್ಣಿಗೆ ಕಾಣೂದು ಇದೊಂದ ಗ್ವಾಡಿ. ಇದನ್ನ ಮುಚ್ಚಬ್ಯಾಡ್ರಿ."

ಅಕ್ಕೋರು "ಬಳಿಯೂದಿಲ್ಲ, ನೀವು ಊಟಾ ಮಾಡ್ರಿ ಮದ್ಲ" ಅಂದ್ರು. ನನ್ನ ಕಣ್ಣಾಗ ನೀರು ದಳದಳ ಇಳದ್ವು.

ಅಲ್ಲಿ ಮಟ ನೀ ಯಾರು ಅಂತ ಯಾರರ ಕೇಳಿದ್ರ ನಾ ಗೌಂಡಿ ಮಗಳು ಅಂತಿದ್ದೆ. ಅವತ್ತಿನಿಂದ ಗೌಂಡಿ ಅಂತೇನಿ.