ಕೋವಿಯ ಮೇಲಿನ ವಿಭೂತಿ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಅದರ ಮೇಲೆ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಜಯಲಕ್ಷ್ಮಿಪುರಂ ಕಡೆಯ ಪಿಯು ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಕಬ್ಬಿಣಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ ಎಂಬುದನ್ನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ನೀರು ಬೇಕು, ಗಾಳಿ ಬೇಕು, ಉಪ್ಪಿದ್ದರೆ ಇನ್ನೂ ಬೇಗ. ಹೀಗಿದ್ದ ನಾನೇ ಅಪ್ಪನ ಕೋವಿಗೆ ತುಕ್ಕು ಹಿಡಿಸಿದೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೂ.

ಅಪ್ಪ ಬ್ಯಾಂಕೊಂದರಲ್ಲಿ ಗನ್‌ಮ್ಯಾನ್ ಆಗಿದ್ದರು. ನಾಲ್ಕನೇ ಕ್ಲಾಸಿನವರೆಗೆ ಓದಿ, ಹೊಲದ ಕೆಲಸ ಬಿಟ್ಟು ಮೈಸೂರಿಗೆ ಬಂದವರು. ಊರಿನಲ್ಲಿ ಹಂದಿ ಓಡಿಸಲೆಂದು ತೆಗೆದುಕೊಂಡಿದ್ದ ಜೋಡುನಳಿಗೆಯ ಕೋವಿಯೂ ಅವರ ಜೊತೆ ಬಂತು. ಸ್ವಂತ ಕೋವಿ, ಸ್ವಂತ ಲೈಸೆನ್ಸ್ ಇದ್ದುದರಿಂದಲೇ ಅವರಿಗೆ ಆ ಕೆಲಸ ಸಿಕ್ಕಿತು. ಇಪ್ಪತ್ತೆಂಟು ವರ್ಷ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತರು. ಒಂದು ಸಲವೂ ಗುಂಡು ಹಾರಿಸಲಿಲ್ಲ. ಆ ಹಾರದ ಗುಂಡಿನ ಸಂಬಳದಲ್ಲೇ ನಾನು ಓದಿದೆ.

ಅಮ್ಮ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಆಮೇಲೆ ಮನೆಯಲ್ಲಿ ನಾವಿಬ್ಬರೇ. ಅಪ್ಪ ಮಾತಿನವರಲ್ಲ. ಅವರು ಬಾಯಿಬಿಟ್ಟು ಮಾತಾಡುತ್ತಿದ್ದುದು ಭಾನುವಾರ ಬೆಳಿಗ್ಗೆ, ಹಿತ್ತಿಲಲ್ಲಿ ಗೋಣಿಚೀಲ ಹಾಸಿ ಕೋವಿ ಬಿಚ್ಚುವಾಗ. ಮೊದಲು ಕೋವಿಯನ್ನು ಮಡಿಚಿ ಎರಡೂ ನಳಿಗೆ ಖಾಲಿಯಿರುವುದನ್ನು ತಾವು ನೋಡಿ, ನನಗೂ ತೋರಿಸುತ್ತಿದ್ದರು. ಆಮೇಲೆ ಉದ್ದನೆಯ ಕೋಲಿಗೆ ಚಿಂದಿ ಬಟ್ಟೆ ಸುತ್ತಿ ನಳಿಗೆಯೊಳಗೆ ಎಳೆದಾಡುವುದು. ಆಮೇಲೆ ಅಮ್ಮನ ಹೊಲಿಗೆ ಮೆಷಿನ್ನಿಗೆಂದು ತಂದಿದ್ದ ಎಣ್ಣೆ, ಎರಡೇ ತೊಟ್ಟು. ಕೊನೆಗೆ ಮತ್ತೆ ಒಣ ಬಟ್ಟೆ. ಕೊಬ್ಬರಿ ಎಣ್ಣೆಯನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಅದು ಅಂಟಾಗಿ ಧೂಳು ಹಿಡಿಯುತ್ತದೆ ಎಂದು. ಕೋವಿಯ ಚೀಲ ದಾರಿಗೆ ಮಾತ್ರ. ಮನೆಯಲ್ಲಿ ಕೋವಿ ಬೀರುವಿನೊಳಗೆ, ಗಾಳಿಯಾಡುವಂತೆ, ಬರಿಮೈಯಲ್ಲಿ ನಿಲ್ಲಬೇಕು.

"ಬರಿಗೈಲಿ ನಳಿಗೆ ಮುಟ್ಬ್ಯಾಡ ಕನವ್ವ," ಎನ್ನುತ್ತಿದ್ದರು. "ಬೆವರಲ್ಲಿ ಉಪ್ಪದೆ. ಉಪ್ಪು ಕಬ್ಣನ ತಿಂತದೆ."

ಅದೇ ಮಾತನ್ನು ಮುಂದೆ ನಾನು ಪಠ್ಯಪುಸ್ತಕದಲ್ಲಿ ಓದಿದೆ. ಪುಸ್ತಕದಲ್ಲಿ ಅದು ಅರ್ಧ ಪುಟ ತೆಗೆದುಕೊಂಡಿತ್ತು.

ಎಲ್ಲ ಮುಗಿದ ಮೇಲೆ ನಳಿಗೆಯನ್ನು ಬಟ್ಟೆಯಲ್ಲಿ ಹಿಡಿದು ಆಕಾಶದ ಕಡೆ ಎತ್ತಿ ನನ್ನ ಕಣ್ಣಿಗೆ ಕೊಡುತ್ತಿದ್ದರು. "ಏನ್ ಕಾಣ್ತದವ್ವ?"

ಚೊಕ್ಕಟವಾಗಿರುವ ನಳಿಗೆಯೊಳಗೆ ಬೆಳಕು ಉಂಗುರ ಉಂಗುರವಾಗಿ, ಒಂದರ ಹಿಂದೊಂದು ನಿಂತಿರುತ್ತದೆ. ನಾನು "ಬಳೆ" ಎನ್ನುತ್ತಿದ್ದೆ. ಬಳೆ ಕಂಡರೆ ಸರಿ. ಒಮ್ಮೆ ಮಳೆಗಾಲದಲ್ಲಿ "ಒಂದು ಇರುವೆ ಅದೆ" ಎಂದೆ. ಅಪ್ಪ ಊಟಕ್ಕೆ ಏಳದೆ ಮತ್ತೆ ಒಂದು ಗಂಟೆ ಉಜ್ಜಿದರು. ಅದು ತುಕ್ಕಿನ ಚುಕ್ಕೆ.

ಆಯುಧಪೂಜೆಯ ದಿನ ಕೋವಿಗೆ ಸ್ನಾನವಿಲ್ಲ, ಅಲಂಕಾರ ಮಾತ್ರ. ಅಪ್ಪ ವಿಭೂತಿಯನ್ನು ನೀರಿನಲ್ಲಿ ಕಲೆಸಿ ನಳಿಗೆಯ ಮೇಲೆ ಮೂರು ಬೆರಳಲ್ಲಿ ಅಡ್ಡ ಎಳೆಯುತ್ತಿದ್ದರು. ನಡುವೆ ಕುಂಕುಮದ ಬೊಟ್ಟು. ಅದರ ಪಕ್ಕದಲ್ಲಿ ಅಮ್ಮನ ಹೊಲಿಗೆ ಮೆಷಿನ್ನು, ಅವರ ಸೈಕಲ್ಲು, ನನ್ನ ಪುಸ್ತಕ. ವಿಜಯದಶಮಿ ಕಳೆದ ಮಾರನೆಯ ಬೆಳಿಗ್ಗೆ ನನ್ನ ಕೈಗೆ ಡಬ್ಬಿ ಕೊಟ್ಟು ಹೋಟೆಲಿನಿಂದ ಇಡ್ಲಿ ತರಲು ಕಳಿಸುತ್ತಿದ್ದರು. ವರ್ಷಕ್ಕೆ ಅದೊಂದೇ ದಿನ ನಮಗೆ ಹೋಟೆಲ್ ತಿಂಡಿ. ಹಬ್ಬದ ಬಾಕಿ ಸಂತೋಷ ಎಂದುಕೊಂಡಿದ್ದೆ. ನಾನು ದೊಡ್ಡವಳಾಗಿ, ಕೆಲಸಕ್ಕೆ ಸೇರಿ, ದಟ್ಟಗಳ್ಳಿಯಲ್ಲಿ ಸಣ್ಣ ಮನೆ ಕಟ್ಟಿಸಿ ಅವರನ್ನು ಕರೆತಂದ ಮೇಲೂ ಆ ದಿನ ಇಡ್ಲಿ ತರುವುದು ತಪ್ಪಲಿಲ್ಲ. ಇಬ್ಬರಿಗೂ ದೋಸೆಯೇ ಇಷ್ಟ. ದೋಸೆಯಾದರೆ ಇಲ್ಲೇ ತಿರುವಿನಲ್ಲಿ ಸಿಗುತ್ತಿತ್ತು. ಅವರು ಹೇಳುತ್ತಿದ್ದ ಇಡ್ಲಿ ಹೋಟೆಲು ಮಾತ್ರ ಯಾವಾಗಲೂ ಸ್ವಲ್ಪ ದೂರ.

ಎರಡು ವರ್ಷದ ಹಿಂದೆ ವಿಜಯದಶಮಿಯ ಮಧ್ಯಾಹ್ನ, ಟಿವಿಯಲ್ಲಿ ಜಂಬೂಸವಾರಿ ನೋಡುತ್ತಾ, ಅಪ್ಪ ಕುರ್ಚಿಯಲ್ಲೇ ಹೋದರು. ಹಿಂದಿನ ದಿನ ಎಳೆದ ವಿಭೂತಿ ಕೋವಿಯ ಮೇಲೆ ಹಾಗೇ ಇತ್ತು.

ಲೈಸೆನ್ಸ್ ಇದ್ದವರು ತೀರಿಕೊಂಡರೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವಾರಸುದಾರರ ಹೆಸರಿಗೆ ಹೊಸ ಲೈಸೆನ್ಸ್ ಬರುವವರೆಗೆ ಅದನ್ನು ಕೋವಿ ಅಂಗಡಿಯಲ್ಲಿ ಒಪ್ಪಿಸಿ ಇಡಬೇಕು. ಅರ್ಜಿ ಕೊಡಲು ಪೊಲೀಸ್ ಸ್ಟೇಷನ್ನಿಗೆ ಹೋದೆ. ಅಲ್ಲಿನ ಬರವಣಿಗೆಯ ಪೇದೆ ಅರ್ಜಿಯ ಮೇಲೆ ಪೆನ್ನು ಕುಟ್ಟಿದರು.

"ಕಾರಣ ಅನ್ನೋ ಕಾಲಂ ಖಾಲಿ ಬಿಟ್ಟಿದೀರಲ್ಲ ಮೇಡಂ."

"ಏನ್ ಬರೀಲಿ?"

"ಬೆಳೆ ರಕ್ಷಣೆ ಅಂತ ಬರೀತಾರೆ ಎಲ್ರೂ."

"ನನಗಿರೋದು ಒಂದು ಕರಿಬೇವಿನ ಗಿಡ."

ಅವರು ನಕ್ಕರು. "ಹಂಗಾದ್ರೆ ಆತ್ಮರಕ್ಷಣೆ ಅಂತ ಹಾಕ್ಬುಡಿ. ಒಬ್ರೇ ಇರೋದಲ್ವಾ?"

ಒಬ್ಬಳೇ ಇರುವುದು ಅರ್ಜಿಯ ಕಾಲಮ್ಮಿಗೆ ಉಪಯೋಗಕ್ಕೆ ಬರುತ್ತದೆಂದು ಅಂದು ತಿಳಿಯಿತು. ನಾನು "ತಂದೆಯ ವಸ್ತು" ಎಂದಷ್ಟೇ ಬರೆದು ಕೊಟ್ಟೆ. ಅದೇ ಪೇದೆ ಜೊತೆಗೆ ಆಟೋದಲ್ಲಿ ಬಂದು ಕೋವಿಯನ್ನು ಅಂಗಡಿಗೆ ತಲುಪಿಸಿದರು.

ಅಂಗಡಿಯ ಯಜಮಾನರು ವಯಸ್ಸಾದವರು, ಇಲ್ಲಿಯೇ ಮೂರು ತಲೆಮಾರಿನಿಂದ ನೆಲೆಸಿದ ಕ್ರೈಸ್ತ ಮನೆತನ. ಗಲ್ಲಾದ ಮೇಲೆ ಮಾತೆ ಮರಿಯಮ್ಮನವರ ಪಟ, ಪಟಕ್ಕೆ ಜಪಸರ. ಅಪ್ಪನನ್ನು ಅವರು ಚೆನ್ನಾಗಿ ಬಲ್ಲವರು. ಚೀಲದಿಂದ ಕೋವಿ ತೆಗೆದು, ಮಡಿಚಿ ಖಾಲಿಯಿದೆಯೇ ನೋಡಿ, ನಳಿಗೆಯ ಮೇಲಿನ ಮೂರು ಗೆರೆಗಳನ್ನು ಕನ್ನಡಕದ ಮೇಲಿಂದ ನೋಡಿದರು.

"ಪೂಜೆ ಒರಸಿ ಎಣ್ಣೆ ಹಚ್ಚಿ ಇಡ್ತೀನಿ ಕಣಮ್ಮ."

"ಬೇಡ ಸಾರ್. ಹಾಗೇ ಇರಲಿ."

"ವಿಭೂತಿ ತೇವ ಎಳ್ಕೊಳ್ತದೆ. ಕುಂಕುಮ ಇನ್ನೂ ಕೆಟ್ಟದ್ದು. ನಿಮ್ಮಪ್ಪಾಜಿ ಆದ್ರೆ…"

"ಸಾರ್, ನಾನು ಕೆಮಿಸ್ಟ್ರಿ ಲೆಕ್ಚರರ್. ಅದೆಲ್ಲ ನನಗೆ ಗೊತ್ತು."

ಅವರ ಮಾತನ್ನು ಅಲ್ಲಿಗೆ ಕಡಿದೆ. ಅವರು ಏನು ಹೇಳಲು ಹೊರಟಿದ್ದರೆಂದು ಕೇಳಲಿಲ್ಲ.

"ಗೊತ್ತಿದ್ಮೇಲೆ ನಾನೇನ್ ಹೇಳೋದು," ಎಂದು ಚೀಟಿಯ ಮೇಲೆ ಅಪ್ಪನ ಲೈಸೆನ್ಸ್ ನಂಬರಿನ ಕೆಳಗೆ "ಒರೆಸಬಾರದು" ಎಂದು ಬರೆದು ಕೋವಿಗೆ ಕಟ್ಟಿದರು. ಯಾರ ಕೈಯೂ ತಾಗಬಾರದೆಂದು ಚೀಲದೊಳಗೇ ಇಡಿ ಎಂದೆ. ಅದಕ್ಕೂ ಒಪ್ಪಿದರು.

ನನ್ನ ಕಡೆಯಿಂದ ಹೇಳುವುದು ಇಷ್ಟೇ: ಆ ಮೂರು ಗೆರೆ ಅಪ್ಪನ ಬೆರಳಿನವು. ಅವರ ಬಟ್ಟೆಗಳನ್ನು ಒಗೆದಾಗಿತ್ತು, ಹಾಸಿಗೆ ಬಿಸಿಲಿಗೆ ಹಾಕಿಯಾಗಿತ್ತು, ಲೋಟ ತೊಳೆದಾಗಿತ್ತು. ಅವರ ಕೈ ಆಡಿದ ಗುರುತು ಹಾಗೆಯೇ ಉಳಿದಿದ್ದುದು ಅದೊಂದೇ ಜಾಗದಲ್ಲಿ.

ಅರ್ಜಿ ಆ ಮೇಜಿನಿಂದ ಈ ಮೇಜಿಗೆ ಹೋಗುತ್ತಿತ್ತು. ಭಾನುವಾರಗಳು ಬರುತ್ತಿದ್ದವು. ಬೆಳಿಗ್ಗೆ ಎಂಟು ಗಂಟೆಗೆ ನನಗೆ ಮಾಡಲು ಏನೂ ಇರುತ್ತಿರಲಿಲ್ಲ. ಹಿತ್ತಿಲಲ್ಲಿ ಗೋಣಿಚೀಲ ಮಡಿಸಿದ ಹಾಗೇ ಇತ್ತು. ಅಡುಗೆ ಒಬ್ಬಳಿಗೆ ಅಂದರೆ ಅರ್ಧ ಗಂಟೆ. ಪಕ್ಕದ ಮನೆಯಿಂದ ಕುಕ್ಕರ್ ಕೂಗುವುದನ್ನು ಎಣಿಸುತ್ತಿದ್ದೆ. ಕೆಲವು ವಾರ ಶನಿವಾರ ಮಧ್ಯಾಹ್ನ ಕಾಲೇಜು ಬಿಡುವಾಗ ಆಡಿದ ಮಾತು, ಸೋಮವಾರ ಬೆಳಿಗ್ಗೆ ಕ್ಲಾಸಿನಲ್ಲಿ ಹಾಜರಿ ಕೂಗುವವರೆಗೆ ಕೊನೆಯದಾಗಿರುತ್ತಿತ್ತು. ಮೊದಲ ಹೆಸರು ಕೂಗುವಾಗ ಗಂಟಲು ಕಟ್ಟಿರುತ್ತಿತ್ತು. ಹುಡುಗಿಯರು ನನಗೆ ಶೀತವೆಂದು ತಿಳಿಯುತ್ತಿದ್ದರು.

ಮಳೆಗಾಲ ಬಂತು. ಜುಲೈ ತಿಂಗಳಲ್ಲಿ ಲೈಸೆನ್ಸ್ ಕಚೇರಿಯಿಂದ ಕಾಗದ ಬಂತು. ಕೋವಿ ಸುಸ್ಥಿತಿಯಲ್ಲಿದೆ ಎಂದು ಅಂಗಡಿಯವರು ಪರೀಕ್ಷಿಸಿ ಬರೆದುಕೊಟ್ಟರೆ ನನ್ನ ಹೆಸರಿಗೆ ಆಗುತ್ತದೆ. ಕೆಟ್ಟಿದ್ದರೆ ಸರ್ಕಾರಕ್ಕೆ ಒಪ್ಪಿಸಬೇಕು, ಅವರು ಅದನ್ನು ನಾಶ ಮಾಡುತ್ತಾರೆ. ಚೀಲದೊಳಗೆ ವಿಭೂತಿ ಕಬ್ಬಿಣಕ್ಕೆ ಏನು ಮಾಡಿರುತ್ತದೆಂದು ಕಾಗದ ಓದಿ ಮುಗಿಸುವ ಮೊದಲೇ ನನಗೆ ಗೊತ್ತಾಗಿತ್ತು. ಅಂಗಡಿಯವರ ಫೋನು ಎರಡು ದಿನದ ಮೇಲೆ ಬಂತು. "ಸ್ವಲ್ಪ ಬಂದ್ಹೋಗಿ ಕಣಮ್ಮ. ಸೈನ್ ಹಾಕೋ ಮುಂಚೆ ನೀವು ನೋಡ್ಬೇಕು."

ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಕೋವಿ ಮಲಗಿಸಿದ್ದರು. ವಿಭೂತಿ ಬೂದುಬಣ್ಣವಾಗಿ ಒದ್ದೆ ಸುಣ್ಣದ ಹಾಗೆ ಕಾಣುತ್ತಿತ್ತು. ಅದರ ಅಂಚಿನಲ್ಲೆಲ್ಲ ಕಂದು ಗೆರೆ ಎದ್ದಿತ್ತು. ಕುಂಕುಮ ಯಾವುದು, ತುಕ್ಕು ಯಾವುದು ತಿಳಿಯುವಂತಿರಲಿಲ್ಲ.

"ಬೈಯ್ರಿ ಸಾರ್," ಎಂದೆ.

"ಬೈದ್ರೆ ತುಕ್ಕು ಹೋಗಲ್ಲ." ಅವರು ಎಣ್ಣೆಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು. "ಆವತ್ತೇ ಹೇಳೋಣ ಅಂದ್ರೆ ನೀವು ಡಿಗ್ರಿ ತೋರಿಸ್ಬುಟ್ರಿ. ನಿಮ್ಮಪ್ಪಾಜಿ ಪ್ರತಿ ವರ್ಷ ನವಮಿ ದಿನ ಇಲ್ಲಿಗೆ ಬಂದು ಒಂದು ಸೀಸೆ ಎಣ್ಣೆ ತಗೊಳ್ಳೋರು. ನಾಳಿದ್ದು ಬೆಳಿಗ್ಗೆ ಪೂಜೆ ಒರಸ್ಬೇಕು ಸಾಮಿ ಅನ್ನೋರು. ನಾನು ಒಂದ್ಸಲ ತಮಾಷೆ ಮಾಡ್ದೆ, ಏನ್ರೀ, ದೇವರ ಕುಂಕುಮ ಒರಸ್ತೀರಾ ಅಂತ."

"ಏನಂದ್ರು?"

"ಕುಂಕುಮ ಒರಸೋದು ಮನೆ ಹೆಣ್ಮಗಳ ಕಣ್ಣಿಗೆ ಬೀಳಬಾರದು ಸಾಮಿ, ಅದಕ್ಕೇ ಅವಳನ್ನ ಇಡ್ಲಿಗೆ ಕಳಿಸ್ಬುಡ್ತೀನಿ ಅಂದ್ರು."

ನಾನು ಸ್ಟೂಲಿನ ಮೇಲೆ ಕೂತೆ. ಮೂವತ್ತಕ್ಕೂ ಹೆಚ್ಚು ವರ್ಷ ಇಡ್ಲಿ ತಂದಿದ್ದೇನೆ. ಬರುವಷ್ಟರಲ್ಲಿ ಕೋವಿ ಬೀರು ಸೇರಿರುತ್ತಿತ್ತು, ಅಪ್ಪ ಕೈತೊಳೆದು ತಟ್ಟೆ ಹಾಕಿ ಕೂತಿರುತ್ತಿದ್ದರು. ಹೋಟೆಲು ಯಾಕೆ ದೂರದ್ದೇ ಆಗಬೇಕಿತ್ತೆಂದು ಒಂದು ದಿನವೂ ಕೇಳಿರಲಿಲ್ಲ.

ಯಜಮಾನರು ಮೆತ್ತನೆಯ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಹಿಂಡಿ ನನ್ನ ಕೈಗೆ ಕೊಟ್ಟರು. "ಇದನ್ನ ನಾನು ಒರಸಲ್ಲ. ನೀವೇ ಒರಸ್ಬೇಕು. ನಾನು ಆ ಕಡೆ ತಿರುಗ್ಕೋತೀನಿ." ಹೇಳಿದಂತೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತರು.

ಮೊದಲನೆಯ ಗೆರೆ ಒಂದೇ ಎಳೆತಕ್ಕೆ ಹೋಯಿತು. ಎರಡನೆಯದಕ್ಕೆ ಕೈ ನಿಂತಿತು. ಒರೆಸದಿದ್ದರೆ ಕೋವಿ ಹೋಗುತ್ತದೆ, ಒರೆಸಿದರೆ ಬೆರಳು ಹೋಗುತ್ತದೆ. ಅಷ್ಟು ದಿನ ನಾನು ಬೆರಳನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಆ ಬೆರಳಿನವರು ಜೀವವಿರುವವರೆಗೂ ಕಾದದ್ದು ಕಬ್ಬಿಣವನ್ನು. ಉಳಿದ ಎರಡನ್ನೂ ಒರೆಸಿದೆ. ಬಟ್ಟೆ ಕಂದಾಯಿತು.

ಆಮೇಲೆ ಯಜಮಾನರು ಈ ಕಡೆ ತಿರುಗಿ ಹಿತ್ತಾಳೆ ತಂತಿಯ ಸಣ್ಣ ಬ್ರಷ್ಷಿನಲ್ಲಿ ಎಣ್ಣೆ ಹಾಕಿಕೊಂಡು ನಿಧಾನವಾಗಿ ಉಜ್ಜಿದರು. ಗೆರೆಗಳ ಜಾಗದ ತುಕ್ಕು ಬಿಟ್ಟಿತು. ಕುಂಕುಮವಿದ್ದಲ್ಲಿ ಮಾತ್ರ ಸಾಸಿವೆಯಷ್ಟು ಗುಳಿ ಉಳಿಯಿತು.

"ಮೇಲ್ಮೇಲಿನದು. ಇನ್ನೊಂದು ಮಳೆಗಾಲ ಬಿಟ್ಟಿದ್ರೆ ನಾನು ಸೈನ್ ಹಾಕ್ತಿರಲಿಲ್ಲ. ಬಣ್ಣ ಹಾಕಿಸಿದ್ರೆ ಈ ಕಲೇನೂ ಮುಚ್ಚೋಯ್ತದೆ. ಹಾಕಿಸ್ಲಾ?"

"ಬೇಡ ಸಾರ್."

"ನೋಡಿ, ಮತ್ತೆ ಹಠ."

"ಹಠ ಅಲ್ಲ. ಎಣ್ಣೆ ಹಚ್ತೀನಿ, ಪ್ರತಿ ವಾರ."

ಒಳಗಡೆ ನೀವೇ ನೋಡಿ ಎಂದು ಅವರು ನಳಿಗೆ ಬಿಚ್ಚಿ ಕೊಟ್ಟರು. ಬಟ್ಟೆಯಲ್ಲಿ ಹಿಡಿದು ಕಿಟಕಿಯ ಕಡೆ ಎತ್ತಿದೆ. ಉಂಗುರಗಳು ಒಂದರ ಹಿಂದೊಂದು ನಿಂತಿದ್ದವು. ಇರುವೆ ಇರಲಿಲ್ಲ. ಏನು ಕಾಣುತ್ತದೆ ಎಂದು ಯಾರೂ ಕೇಳಲಿಲ್ಲ.

"ಬಳೆ," ಎಂದೆ.

"ಏನಂದ್ರಿ?"

"ಏನಿಲ್ಲ ಸಾರ್. ಚೆನ್ನಾಗಿದೆ."

ಯಜಮಾನರು ಬರೆದುಕೊಟ್ಟ ಕಾಗದದಲ್ಲಿ "ನಳಿಗೆಯ ಹೊರಭಾಗದಲ್ಲಿ ಒಂದು ಸಣ್ಣ ಕಲೆ, ಸ್ಥಿತಿ ಉತ್ತಮ" ಎಂದಿತ್ತು. ಸೆಪ್ಟೆಂಬರಿನಲ್ಲಿ ಲೈಸೆನ್ಸ್ ಬಂತು. ಕೋವಿ ಮನೆಗೆ ಬಂತು, ಬೀರುವಿನಲ್ಲಿ ಚೀಲವಿಲ್ಲದೆ ನಿಂತಿತು. ಬೀಗದ ಕೈ ನನ್ನ ಹತ್ತಿರವೇ. ಗುಂಡು ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಭಾನುವಾರ ಎಂಟು ಗಂಟೆಗೆ ಗೋಣಿಚೀಲ ಹಾಸುತ್ತೇನೆ. ಈಗ ಎಂಟರಿಂದ ಒಂಬತ್ತೂವರೆಯವರೆಗೆ ನನಗೆ ಕೆಲಸವಿದೆ.

ಆ ವರ್ಷದ ಆಯುಧಪೂಜೆಗೆ ನಾನೇ ವಿಭೂತಿ ಕಲೆಸಿ ಮೂರು ಬೆರಳಲ್ಲಿ ಎಳೆದೆ. ಬೊಟ್ಟನ್ನು ಆ ಗುಳಿಯ ಮೇಲೇ ಇಟ್ಟೆ. ನನ್ನ ಬೆರಳು ಸಣ್ಣವು, ಗೆರೆಗಳು ಹತ್ತಿರ ಹತ್ತಿರ ಬಂದವು.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಎರಡನ್ನೂ ಹಾಕಿಕೊಂಡು ಒರೆಸಿದೆ. ಯಾರ ಕಣ್ಣಿಗೂ ಬೀಳಬಾರದಲ್ಲ. ಎರಡು ತೊಟ್ಟು ಎಣ್ಣೆ, ಒಣ ಬಟ್ಟೆ, ಬೀರು, ಬೀಗ. ಕೈತೊಳೆದು ಡಬ್ಬಿ ತೆಗೆದುಕೊಂಡು, ತಿರುವಿನಲ್ಲಿದ್ದ ದೋಸೆಯ ಅಂಗಡಿ ದಾಟಿ, ಆ ದೂರದ ಹೋಟೆಲಿಗೆ ಇಡ್ಲಿ ತರಲು ನಡೆದೆ.