ತರಬೇತಿಯಾದ ಮೇಷ್ಟ್ರು ಕಲಿತ ಶನಿವಾರಗಳು

ಆ ಶನಿವಾರಗಳಿಗಾಗಿ ಈಗಲೂ ಜೀವ ಹಂಬಲಿಸುತ್ತದೆ. ಆಗ ನಾನು ಆದವಾನಿಯಲ್ಲಿ ಹತ್ತಿ ದಲ್ಲಾಳಿ. ನನ್ನ ಓದು ಎರಡನೇ ತರಗತಿಗೇ ನಿಂತಿತ್ತು. ಪೆದ್ದಕಡುಬೂರಿನ ಕಡೆಯ ನಮ್ಮೂರಲ್ಲಿ ತಂಗಿ ಶಾಲೆಗೆ ಹೋಗುತ್ತಿದ್ದಳು. ಯುಗಾದಿಯೊಳಗೆ ಓದು ಬರದಿದ್ದರೆ ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ಯುತ್ತೇನೆಂದು ಅವ್ವ ಹಟ ಹಿಡಿದಿದ್ದಳು.

ಒಂದು ಶನಿವಾರ ಶಾಲೆಗೆ ಹೋಗಿ ಹಿಂದೆ ಕೂತೆ. ಮೇಷ್ಟ್ರು ಬಳ್ಳಾರಿಯಲ್ಲಿ ತರಬೇತಿ ಮುಗಿಸಿ ಬಂದ ಎಳೆಯರು. ಮಕ್ಕಳು ಒಂದೇ ದನಿಯಲ್ಲಿ ಪಾಠ ಒಪ್ಪಿಸಿದರು, ತಂಗಿಯೂ.

"ಹೆಂಗೈತ್ರಿ ಸಾವ್ಕಾರ್ರೆ?" ಎಂದರು ಮೇಷ್ಟ್ರು, ಹೆಮ್ಮೆಯಿಂದ.

ನಾವು ಹತ್ತಿಯನ್ನು ಚೀಲದ ಬಾಯಲ್ಲಿ ನೋಡಿ ಕೊಳ್ಳುವವರಲ್ಲ. ಮೊಣಕೈವರೆಗೆ ಕೈಯಿಳಿಸಿ ನಡುವಿನ ಎಳೆ ಹಿಂಜಿ ನೋಡುವವರು. ಪಾಠದ ನಡುವಿನ ಸಾಲಿಗೆ ಬೆರಳಿಟ್ಟು, "ಇದನ್ನ ಓದವ್ವ" ಎಂದೆ. ತಂಗಿ ಮೊದಲ ಸಾಲು ಹೇಳಿದಳು. ಬೆರಳು ಸರಿಸಿದೆ. ಮತ್ತೆ ಮೊದಲ ಸಾಲೇ.

ಮೇಷ್ಟ್ರ ಮುಖ ಇಳಿಯಿತು. "ಟ್ರೈನಿಂಗಿನಾಗ ಒಂದ ಪಾಠ ಮಾಡ್ಸಿದ್ರು ನೋಡ್ರಿ. ಆ ಹುಡುಗ್ರಿಗೆ ಅದು ಮೊದ್ಲ ಬಾಯಿಪಾಠ ಆಗಿತ್ತು. ಬರದವ್ರಿಗೆ ಹೆಂಗ ಕಲಿಸ್ಬೇಕಂತ ನನಗ ಯಾರು ತೋರಿಸ್ಯಾರ?"

ನನಗೆ ಹತ್ತಿ ಕಲಿಸಿದ ಮುದುಕರು ಭಾಷಣ ಮಾಡಿರಲಿಲ್ಲ. ನನ್ನ ಕೈ ಹಿಡಿದು ಎಳೆ ಹಿಂಜಿಸಿದ್ದರು. ಅಂದೇ ಪೆದ್ದಕಡುಬೂರಿಗೆ ಹೋದೆ. ಅಲ್ಲಿ ನಿವೃತ್ತರಾಗಿ ಮನೆಯಲ್ಲಿದ್ದ ಹಳೆಯ ಮೇಷ್ಟ್ರೊಬ್ಬರಿದ್ದರು.

"ಟ್ರೈನಿಂಗ್ ಆದವ್ಗ ನಾ ಏನ ಹೇಳ್ಲಿ ಮಾರಾಯ?" ಎಂದು ನಕ್ಕರು.

"ಏನೂ ಹೇಳ್ಬ್ಯಾಡ್ರಿ. ಶನಿವಾರ ಬಂದು ಬಾಜೂಕ ಕುಂದರ್ರಿ. ಗಾಡಿ ನಂದು."

"ಮಜ್ಜಿಗಿ?"

"ಅದೂ ನಂದ."

ಚೌಕಾಸಿ ಮುಗಿಯಿತು. ಅಂದಿನಿಂದ ಅವರು ಚಾಪೆಯ ಮೇಲೆ ಒಂದೊಂದೇ ಮಗುವನ್ನು ಕೂರಿಸಿಕೊಳ್ಳುತ್ತಿದ್ದರು. ತೆಲುಗು ಮನೆಮಾತಿನ ಮಕ್ಕಳಿಗೆ ತೊಡಕಾದ ಮಾತನ್ನು ತೆಲುಗಿನಲ್ಲಿ ಬಿಡಿಸುತ್ತಿದ್ದರು. ಎಳೆಯ ಮೇಷ್ಟ್ರು ಪಕ್ಕದಲ್ಲಿದ್ದು ನೋಡುತ್ತಿದ್ದರು. ಮುಂದಿನ ಮಗುವಿಗೆ ಕಲಿಸುವ ಸರದಿ ಅವರದು. ಆಗ ನೋಡುವವರು ಹಿರಿಯರು. ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ.

ಯುಗಾದಿ ಹತ್ತಿರವಾದಾಗ ಅವ್ವ ಶಾಲೆಗೇ ಬಂದಳು. ದೇವನಕೊಂಡದ ಸೋದರಮಾವ ಬರೆದ ಕಾರ್ಡನ್ನು ಸೊಂಟದಿಂದ ತೆಗೆದಳು. ಅದರಲ್ಲೇನಿದೆಯೆಂದು ಬೇರೆಯವರಿಂದ ಓದಿಸಿ ತಿಳಿದುಕೊಂಡೇ ಬಂದಿದ್ದಳು. ತಂಗಿ ತಡವರಿಸಿ, ಅಕ್ಷರ ಕೂಡಿಸಿ, "ಎಮ್ಮಿ ಈದೈತಿ" ಎಂಬಲ್ಲಿಗೆ ಬಂದಾಗ ಅವ್ವ ನಕ್ಕುಬಿಟ್ಟಳು.

"ಖರೇನ ಓದ್ತಾಳಲ್ರಿ! ಇರ್ಲಿ ಬಿಡ್ರಿ, ಇಲ್ಲೇ ಇರ್ಲಿ."

ಮೇಷ್ಟ್ರನ್ನು ತಯಾರು ಮಾಡುವವರಿಗೆ ನನ್ನದೊಂದೇ ಮಾತು: ಓದು ಬಾರದ ಮಕ್ಕಳ ಮುಂದೆ ಅವರನ್ನು ಕೂರಿಸಿ, ಪಕ್ಕದಲ್ಲಿ ಬಲ್ಲವರಿರಲಿ. ನಾನು ಅಂದು ಓದು ಕಲಿಯಲು ಆ ಚಾಪೆಯ ಮೇಲೆ ನನಗೂ ಒಂದು ಜಾಗ ಕೇಳಬಹುದಿತ್ತು. ಇಪ್ಪತ್ತೆರಡರ ದಲ್ಲಾಳಿ, ನಾಚಿಕೆಯಾಯಿತು. ಕೇಳದೆ ಗಾಡಿ ಹತ್ತಿದೆ.